ಹೂ ಮಳೆ ಬಿದ್ದ ಎಂಟನೇ ದಿನ ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಮಾರ್ಚಿನಲ್ಲಿ ನಮ್ಮ ಕಡೆಯ ಒಂದು ಶಾಲೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಶಾಲೆಯ ಹೆಸರು ಬೇಡ. ಯಾರನ್ನೂ ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಕಟ್ಟಡದ ಸಜ್ಜೆಯ ಕೆಳಗೆ ಹೆಜ್ಜೇನು ಕಟ್ಟಿತ್ತು, ಮಕ್ಕಳಿಗೆ ಅಪಾಯ ಅಂತ ಒಂದು ರಾತ್ರಿ ಜನ ಕರೆಸಿ ಬೆಂಕಿ ಕೊಟ್ಟು ಸುಟ್ಟರು. ಬೆಳಗ್ಗೆ ಮೆಟ್ಟಿಲ ತುಂಬಾ ಸತ್ತ ಜೇನುಹುಳಗಳು. ಗುಡಿಸಿ ರಾಶಿ ಮಾಡಿ ಹೊರಗೆ ಹಾಕಿದರು. ಮಕ್ಕಳು ಅದನ್ನು ದಾಟಿಕೊಂಡು ಕ್ಲಾಸಿಗೆ ಹೋದರು. ಏಳನೇ ಕ್ಲಾಸಿನಲ್ಲಿ ಆ ವಾರ ಪರೀಕ್ಷೆಗೆ ಅಂತ ಮತ್ತೊಮ್ಮೆ ಓದಿಸುತ್ತಿದ್ದದ್ದು ಯಾವ ಪಾಠ ಗೊತ್ತಾ? ಪರಾಗಸ್ಪರ್ಶ.

ನನ್ನ ಮೊಮ್ಮಗಳು ಅದೇ ಕ್ಲಾಸಿನಲ್ಲಿ ಇದ್ದಳು. ಮನೆಗೆ ಬಂದು ಜಗಲಿಯಲ್ಲಿ ಕೂತು ಒಂದೇ ಉಸಿರಿಗೆ ಒಪ್ಪಿಸಿದಳು: "ಪರಾಗಕೋಶದಿಂದ ಪರಾಗರೇಣುಗಳು ಶಲಾಕಾಗ್ರಕ್ಕೆ ವರ್ಗಾವಣೆಯಾಗುವ ಕ್ರಿಯೆಯೇ ಪರಾಗಸ್ಪರ್ಶ." ಒಂದು ಅಕ್ಷರ ತಪ್ಪಿಲ್ಲ. ದಾಸವಾಳದ ಚಿತ್ರವನ್ನೂ ಚೆಂದವಾಗಿ ಬರೆದು, ಬಾಣ ಎಳೆದು, ಭಾಗಗಳ ಹೆಸರು ಹಾಕಿದ್ದಳು. ಆಮೇಲೆ ಹೊರಗೆ ಆಟಕ್ಕೆ ಹೋದವಳು ಓಡಿ ಬಂದು ಕೇಳಿದಳು, "ಅಜ್ಜಿ, ಕಾಫಿ ಹೂವಿಗೆಲ್ಲ ಜೇನು ಮುತ್ತಿಕೊಂಡಿದೆ, ಔಷಧಿ ಹೊಡೆಸಲ್ವಾ?"

ನಾನು ಇಪ್ಪತ್ತೆಂಟು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಈಗ ಕೊಡಗಿನ ನಾಪೋಕ್ಲು ಕಡೆ ನಮ್ಮ ಸ್ವಲ್ಪ ಕಾಫಿ ತೋಟ ನೋಡಿಕೊಂಡಿದ್ದೇನೆ. ಆ ಮಗುವಿನ ಮಾತು ಕೇಳಿ ನನಗೆ ಸಂಕಟ ಆಯಿತು, ಏಕೆಂದರೆ ಹಾಗೆ ಪಾಠ ಮಾಡಿದವರಲ್ಲಿ ನಾನೂ ಒಬ್ಬಳು. ಕಿಟಕಿಯ ಆಚೆ ಇಡೀ ಗುಡ್ಡ ಬೆಳ್ಳಗೆ ಹೂ ಬಿಟ್ಟು ಘಮಘಮ ಅನ್ನುವಾಗ, ನಾನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಹೂ ಬಿಡಿಸುತ್ತಿದ್ದೆ.

ಕೊಡಗಿನ ಶಾಲೆಗಳಿಗೆ ನಾನು ಕೇಳಿಕೊಳ್ಳುವುದು ಒಂದೇ. ಈ ಪಾಠವನ್ನು ಹೂ ಬಿಡುವ ದಿನಕ್ಕೆ ಇಟ್ಟುಕೊಳ್ಳಿ. ಒಂದು ಬೆಳಗ್ಗೆ ಸಾಕು. ಹೂ ಮಳೆ, ಅಂದರೆ ಕಾಫಿ ಮೊಗ್ಗು ಬಿರಿಯಲು ಬೇಕಾದ ಬೇಸಿಗೆಯ ಮಳೆ, ಬಿದ್ದು ಏಳೆಂಟು ದಿನಕ್ಕೆ ಕಾಫಿ ಅರಳುತ್ತದೆ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಅರಳಿದ ಮೇಲೆ ಎರಡು ದಿನ, ಹೆಚ್ಚೆಂದರೆ ಮೂರು ದಿನ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಮುಗಿಯಿತು. ತೊಂದರೆ ಏನೆಂದರೆ ಅದು ಸರಿಯಾಗಿ ಪರೀಕ್ಷೆಯ ಹೊತ್ತಿಗೇ ಬರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಮಕ್ಕಳಿಗೆ ಪುಸ್ತಕದಿಂದ ತಲೆ ಎತ್ತುವುದಕ್ಕೆ ಬಿಡುವುದಿಲ್ಲ. ವಿಶ್ವ ಜೇನುನೊಣ ದಿನ ಅಂತ ಒಂದಿದೆ, ಮೇ 20, ವಿಶ್ವಸಂಸ್ಥೆ 2017ರಲ್ಲಿ ಗೊತ್ತು ಮಾಡಿದ್ದು. ಆವತ್ತು ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಹೀಗಾಗಿ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯ ಮಕ್ಕಳು, ಆ ಬೆಳೆ ಹೇಗೆ ಕಾಯಿ ಕಟ್ಟುತ್ತದೆ ಅನ್ನುವುದನ್ನು ಒಂದು ಸಲವೂ ನಿಂತು ನೋಡದೆ ಹತ್ತನೇ ಕ್ಲಾಸು ದಾಟುತ್ತಾರೆ.

ನಮ್ಮಲ್ಲಿ ಜಾಸ್ತಿ ಇರುವುದು ರೊಬಸ್ಟಾ ಜಾತಿಯ ಕಾಫಿ ಅಲ್ವಾ. ರೊಬಸ್ಟಾ ಗಿಡದ ಧೂಳಿ, ಅಂದರೆ ಪರಾಗ, ಅದೇ ಗಿಡದ ಹೂವಿಗೆ ಬಿದ್ದರೆ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದೇ ಬರಬೇಕು. ಗಿಡ ಎದ್ದು ನಡೆದು ಪಕ್ಕದ ಗಿಡದ ಹತ್ತಿರ ಹೋಗುವ ಹಾಗಿಲ್ಲ. ಸ್ವಲ್ಪ ಪಾಲನ್ನು ಗಾಳಿ ಹೊತ್ತು ತರುತ್ತದೆ, ಉಳಿದದ್ದು ಜೇನು. ಇನ್ನೊಂದು ಜಾತಿ ಅರೇಬಿಕಾ ತನ್ನ ಧೂಳಿಯಲ್ಲೇ ಕಾಯಿ ಕಟ್ಟಬಲ್ಲದು, ಆದರೂ ಜೇನು ಬಂದು ಹೋದರೆ ಕಾಯಿ ಜಾಸ್ತಿ ನಿಲ್ಲುತ್ತದೆ. ಕೊಡಗಿನ ತೋಟಗಳಲ್ಲೇ ಈ ಬಗ್ಗೆ ಅಧ್ಯಯನ ನಡೆದಿದೆ. ಕಾಫಿ ಹೂವಿಗೆ ಮುಖ್ಯವಾಗಿ ಬರುವುದು ಮೂರು ಬಗೆ ಅಂತ ಕಂಡುಬಂದಿದೆ: ಹೆಜ್ಜೇನು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ, ಗೋಡೆ ಸಂದಿಯ ಮಿಸ್ರಿ. ಅದರಲ್ಲೂ ರೊಬಸ್ಟಾಕ್ಕೆ ಹೆಜ್ಜೇನಿನ ಕೆಲಸ ದೊಡ್ಡದು. ಶಾಲೆಯಲ್ಲಿ ಸುಟ್ಟದ್ದು ಅದನ್ನೇ, ಅದೂ ಹೂ ಅರಳಿದ ವಾರದಲ್ಲೇ.

ಮೊಮ್ಮಗಳಿಗೆ ನಾನು ಬೈಯಲಿಲ್ಲ. ನಮ್ಮ ತೋಟದ ಕೆಳಗಿನ ತುಂಡಿಗೆ ಮಳೆಯ ಬದಲು ಸ್ಪ್ರಿಂಕ್ಲರ್ ನೀರು ಹಾಕಿದ್ದರಿಂದ ಅಲ್ಲಿ ಮಾರ್ಚಿನಲ್ಲೇ ಹೂವಾಗಿತ್ತು, ಮೇಲಿನ ತುಂಡಿಗೆ ನೀರು ಹಾಯಿಸಿರಲಿಲ್ಲ, ಮೊಗ್ಗು ಹಾಗೇ ಕಾದು ಕೂತಿತ್ತು. ಹಳೆಯ ಸೊಳ್ಳೆಪರದೆ ಕತ್ತರಿಸಿ ಇಬ್ಬರೂ ಸೇರಿ ಚೀಲ ಹೊಲಿದೆವು. ಏಪ್ರಿಲ್ ಮೊದಲಲ್ಲಿ ಮಳೆ ಬಿತ್ತು. ಮೊಗ್ಗು ಬಿರಿಯುವ ಮುಂಚೆಯೇ ಐದು ಗಿಡದಲ್ಲಿ ಒಂದೊಂದು ಗೆಲ್ಲಿಗೆ (ಕೊಂಬೆಗೆ) ಚೀಲ ಕಟ್ಟಿದೆವು, ಅದೇ ಗಿಡದ ಅದೇ ಎತ್ತರದ ಇನ್ನೊಂದು ಗೆಲ್ಲನ್ನು ಬಿಟ್ಟು ಗುರುತಿಗೆ ಕೆಂಪು ನೂಲು ಸುತ್ತಿದೆವು. ಗಂಟಿನಲ್ಲಿ ಎಷ್ಟು ಮೊಗ್ಗು ಇದೆ ಅಂತ ಎಣಿಸಿ ಬರೆದುಕೊಂಡಳು. ಹೂ ಬಾಡಿದ ಮೇಲೆ ಪರದೆ ಬಿಚ್ಚಿದೆವು. ಕಾಫಿ ಕಾಯಿ ಮೊದಲು ಸೂಜಿ ತಲೆಯಷ್ಟೇ ಆಗಿ ವಾರಗಟ್ಟಲೆ ಸುಮ್ನೆ ಕೂತಿರುತ್ತದೆ, ಮಳೆಗಾಲ ಹಿಡಿದ ಮೇಲೆ ದಪ್ಪ ಆಗುವುದು. ಹಾಗಾಗಿ ಎಣಿಸಿದ್ದು ಜುಲೈಯಲ್ಲಿ, ಕೊಡೆ ಹಿಡಿದುಕೊಂಡು, ಕಾಲಿಗೆ ಜಿಗಣೆ ಹತ್ತಿಸಿಕೊಂಡು. ನೂಲು ಸುತ್ತಿದ ಗೆಲ್ಲಲ್ಲಿ ಗಂಟು ಗಂಟಿಗೂ ಕಾಯಿ. ಪರದೆ ಕಟ್ಟಿದ್ದರಲ್ಲಿ ಅಲ್ಲೊಂದು ಇಲ್ಲೊಂದು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, ಹಾಗಾದರೆ ಪರದೆಯ ಒಳಗೆ ಇಷ್ಟಾದರೂ ಕಾಯಿ ಹೇಗೆ ಬಂತು, ಜೇನು ಒಳಗೆ ಹೋಗಲೇ ಇಲ್ಲವಲ್ಲ? ಪರದೆಗೆ ತೂತು ಇದೆ, ಗಾಳಿ ಹೋಗುತ್ತದೆ ಅಂದೆ. ಗಾಳಿಯ ಪಾಲು ಎಷ್ಟು, ಜೇನಿನ ಪಾಲು ಎಷ್ಟು ಅಂತ ಅವಳೇ ಲೆಕ್ಕ ಹಾಕಲು ಕೂತಳು. ಯಾವ ಪುಸ್ತಕವೂ ಅವಳಿಗೆ ಆ ಪ್ರಶ್ನೆ ಕೊಟ್ಟಿರಲಿಲ್ಲ.

ಇಷ್ಟು ಮಾಡಲು ಲ್ಯಾಬ್ ಬೇಡ, ದುಡ್ಡು ಬೇಡ. ತೋಟ ಇಲ್ಲದ ಮಡಿಕೇರಿ, ಕುಶಾಲನಗರದ ಮಕ್ಕಳಿಗೆ ಸಿಹಿಗುಂಬಳ ಸಾಕು. ಅದರಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಮೊದಲೇ ಕಾಣುತ್ತದೆ. ನಾಳೆ ಅರಳುವ ಹೆಣ್ಣು ಮೊಗ್ಗಿಗೆ ಇವತ್ತು ಸಂಜೆಯೇ ತೆಳು ಬಟ್ಟೆ ಕಟ್ಟಿ ಬಿಡಿ. ಬೆಳಗ್ಗೆ ಅರಳಿ ಮಧ್ಯಾಹ್ನದ ಒಳಗೆ ಮುದುಡುತ್ತದೆ, ಕೆಲವೇ ದಿನದಲ್ಲಿ ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ. ಇನ್ನೊಂದಕ್ಕೆ ಬಟ್ಟೆ ತೆಗೆದು ಗಂಡು ಹೂ ಕಿತ್ತು ತಂದು ಮಗುವೇ ಧೂಳಿ ಸವರಲಿ. ಕಾಯಿ ನಿಂತರೆ ಅದು ಆ ಮಗುವಿನ ಕುಂಬಳಕಾಯಿ.

ಮಕ್ಕಳಿಗೆ ಹೇಳುವಾಗ ನಾವು ಮಾಡುವ ಇನ್ನೊಂದು ತಪ್ಪು ಇದೆ. ಜೇನು ಹೂವಿಗೆ ಸಹಾಯ ಮಾಡುತ್ತದೆ, ಹೂ ಜೇನಿಗೆ ಉಪಕಾರ ಮಾಡುತ್ತದೆ ಅಂತ ಕತೆಯ ಹಾಗೆ ಹೇಳಿ ಮುಗಿಸುತ್ತೇವೆ. ಜೇನಿಗೆ ಕಾಫಿ ಫಸಲಿನ ಚಿಂತೆ ಇಲ್ಲ. ಅದಕ್ಕೆ ಬೇಕಾದ್ದು ಮಕರಂದ, ಮರಿಗಳಿಗೆ ಬೇಕಾದ್ದು ಧೂಳಿ. ಹೂವಿಗೂ ಜೇನಿನ ಹೊಟ್ಟೆಯ ಚಿಂತೆ ಇಲ್ಲ. ತಮ್ಮ ತಮ್ಮ ಕೆಲಸಕ್ಕೆ ಬಂದ ಇಬ್ಬರ ಕೆಲಸವೂ ಒಟ್ಟಿಗೆ ಆಗಿಬಿಡುತ್ತದೆ, ಇದು ಎಷ್ಟು ಕಾಲದಿಂದ ನಡೆದಿದೆ ಅಂದರೆ ಈಗ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯದು. ಇದನ್ನು ಹೀಗೇ ಹೇಳಿದರೆ ಏಳನೇ ಕ್ಲಾಸಿನ ಮಗುವಿಗೆ ಅರ್ಥ ಆಗುತ್ತದೆ. ಇನ್ನೊಂದು ಸೂಕ್ಷ್ಮ: ಜೇನು ಒಂದು ಸುತ್ತಿಗೆ ಹೊರಟಾಗ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ಕಾಫಿಯ ಧೂಳಿ ಹೊತ್ತು ತುಂಬೆ ಹೂವಿಗೆ ಹೋಗಿ ಇಳಿಸಿದರೆ ಯಾರಿಗೂ ಪ್ರಯೋಜನ ಇಲ್ಲ. ಒಂದೇ ಹುಳವನ್ನು ಕಣ್ಣಲ್ಲೇ ಹಿಂಬಾಲಿಸಿ, ಎಷ್ಟು ಹೂವಿಗೆ ಹೋಯಿತು, ಯಾವ ಹೂವಿಗೆ ಹೋಯಿತು ಅಂತ ಎಣಿಸಲು ಮಕ್ಕಳಿಗೆ ಹೇಳಿ ನೋಡಿ. ಗಲಾಟೆ ಮಾಡುವ ಮಗುವೂ ಹತ್ತು ನಿಮಿಷ ಕದಲುವುದಿಲ್ಲ.

ಕಾಫಿ ಹೂವಿನ ಬಗ್ಗೆ ನನಗೆ ಬಹಳ ಇಷ್ಟವಾದ ಸಂಗತಿ ಒಂದನ್ನು ಇಲ್ಲಿ ಹೇಳಲೇಬೇಕು. ಕಾಫಿ ಬೀಜದಲ್ಲಿ ಇರುವ ಕೆಫೀನ್ ಅದರ ಹೂವಿನ ಮಕರಂದದಲ್ಲೂ ಇದೆ, ಕಿತ್ತಳೆ ಜಾತಿಯ ಹೂವಿನ ಮಕರಂದದಲ್ಲೂ ಇದೆ. ಬಹಳ ಸ್ವಲ್ಪ, ಜೇನಿಗೆ ಕಹಿ ಗೊತ್ತಾಗದಷ್ಟು. 2013ರಲ್ಲಿ ವಿಜ್ಞಾನಿಗಳು ಜೇನಿಗೆ ಅಷ್ಟೇ ಕೆಫೀನ್ ಬೆರೆಸಿದ ಸಕ್ಕರೆ ನೀರು ಕೊಟ್ಟು ನೋಡಿದರು. ಕೆಫೀನ್ ಕುಡಿದ ಜೇನುಗಳಲ್ಲಿ ಮಾರನೇ ದಿನವೂ ಆ ವಾಸನೆ ನೆನಪಿಟ್ಟುಕೊಂಡವು ಬರೀ ಸಕ್ಕರೆ ನೀರು ಕುಡಿದವುಗಳಿಗಿಂತ ಮೂರು ಪಟ್ಟು ಜಾಸ್ತಿ. ನೆನಪಿದ್ದರೆ ಅದೇ ಹೂವಿಗೆ ಮತ್ತೆ ಬರುತ್ತವೆ. ಕಾಫಿ ಮತ್ತು ಕಿತ್ತಳೆ! ಕೊಡಗಿನ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ವಿಷಯ ಎಲ್ಲಿ ಸಿಗುತ್ತದೆ ಹೇಳಿ.

ಹಾಗೆ ನೋಡಿದರೆ ನಮ್ಮ ಒಂದು ಎಕರೆ ತೋಟದಲ್ಲಿ ಇಡೀ ಪಾಠವೇ ಇದೆ. ಮರಕ್ಕೆ ಹಬ್ಬಿದ ಕರಿಮೆಣಸಿಗೆ ಜೇನು ಬೇಕಾಗಿಲ್ಲ, ತೆನೆಯ ಮೇಲಿಂದ ಇಳಿಯುವ ಮಳೆ ಹನಿಯೇ ಧೂಳಿಯನ್ನು ಕೆಳಗಿನ ಹೂಗಳಿಗೆ ಮುಟ್ಟಿಸುತ್ತದೆ. ಹುತ್ತರಿ ಹಬ್ಬಕ್ಕೆ ಕದಿರು ತೆಗೆಯುವ ಗದ್ದೆಯ ಭತ್ತ ತನ್ನಷ್ಟಕ್ಕೇ ಕಾಳು ಕಟ್ಟುತ್ತದೆ, ಅದಕ್ಕೇ ಭತ್ತದ ಹೂವಿಗೆ ಬಣ್ಣವೂ ಇಲ್ಲ, ಘಮವೂ ಇಲ್ಲ, ಯಾರನ್ನು ಕರೆಯಬೇಕು ಅದು? ಹಾಲುವಾಣ ಮರದ ಹೂ ಮಾತ್ರ ಕೆಂಪು ಕೆಂಪು. ಜೇನಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಕ್ಕಿಗೆ ಕಾಣುತ್ತದೆ, ಅದಕ್ಕೆ ಅಲ್ಲಿ ಸೂರಕ್ಕಿ, ಮೈನಾಗಳ ಜಾತ್ರೆ. ಏಲಕ್ಕಿ ಹೂ ಬೆಳಗಿನ ಜಾವ ಅರಳಿ ಅದೇ ಸಂಜೆಗೆ ಬಾಡುತ್ತದೆ. ಬಿಳಿ ಎಸಳಿನ ಮೇಲೆ ನೇರಳೆ ಗೆರೆಗಳಿರುತ್ತವೆ, ಮಕರಂದ ಇರುವ ಕಡೆಗೆ ಜೇನಿಗೆ ದಾರಿ ತೋರಿಸುವ ಗೆರೆಗಳು ಅವು. ಅದರಲ್ಲಿ ಗಂಡು ಭಾಗ, ಹೆಣ್ಣು ಭಾಗ ಒಂದೇ ಹೂವಿನಲ್ಲಿದ್ದರೂ ಜೇನು ಒಳಗೆ ತೂರದೆ ಒಂದಕ್ಕೊಂದು ಮುಟ್ಟುವುದಿಲ್ಲ. ಹಿತ್ತಿಲ ಬದನೆಯ ಧೂಳಿ ಅಲುಗಿಸಿ ಉದುರಿಸಲು ಜೇನಿಂದ ಆಗುವುದಿಲ್ಲ, ಅದಕ್ಕೆ ಕಪ್ಪು ದುಂಬಿಯಂಥದ್ದೇ ಬರಬೇಕು. ಬದನೆ ಹೂವಿನ ಧೂಳಿ ಸಣ್ಣ ಕೊಳವೆಯೊಳಗೆ ಇರುತ್ತದೆ, ತುದಿಯಲ್ಲಿ ಮಾತ್ರ ತೂತು. ದುಂಬಿ ಹೂವನ್ನು ಅಪ್ಪಿ ಹಿಡಿದು ಗುಂಯ್ ಅಂತ ಮೈ ನಡುಗಿಸುತ್ತದೆ, ಆಗ ಉಪ್ಪಿನ ಡಬ್ಬಿ ಅಲುಗಿಸಿದ ಹಾಗೆ ಧೂಳಿ ಉದುರುತ್ತದೆ. ಹೈಸ್ಕೂಲಿನಲ್ಲಿ ಶಬ್ದದ ಪಾಠಕ್ಕೆ ಇಟ್ಟಿರುವ ಶ್ರುತಿಕವೆಯನ್ನು ತಟ್ಟಿ ಬದನೆ ಹೂವಿಗೆ ತಾಗಿಸಿದರೆ, ಕೆಳಗೆ ಹಿಡಿದ ಕಪ್ಪು ಕಾಗದದ ಮೇಲೆ ಅದೇ ಹಳದಿ ಧೂಳಿ ಬೀಳುತ್ತದೆ.

ಅತ್ತಿ ಮರವನ್ನಂತೂ ಬಿಡಬಾರದು. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ನಾವು ಗಾದೆ ಮಾಡಿ ಇಟ್ಟಿದ್ದೇವೆ, ಒಳಗೆ ಕೊಳಕು ಅನ್ನುವ ಅರ್ಥದಲ್ಲಿ. ಆದರೆ ಆ ಹುಳ ಇಲ್ಲದಿದ್ದರೆ ಅತ್ತಿ ಮರವೇ ಇಲ್ಲ. ಅತ್ತಿಯ ಹೂಗಳೆಲ್ಲ ಆ ಉಂಡೆಯ ಒಳಗೇ ಅರಳುತ್ತವೆ. ಎಳ್ಳಿಗಿಂತ ಚಿಕ್ಕ ಕಣಜ ಒಂದು, ಹೆಣ್ಣು, ಮೈಗೆ ಬೇರೆ ಮರದ ಧೂಳಿ ಮೆತ್ತಿಕೊಂಡು ತುದಿಯ ಸಣ್ಣ ತೂತಿನಿಂದ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಮುರಿದು ಹೋಗುತ್ತದೆ, ಒಳಗೆ ಹೂಗಳಿಗೆ ಧೂಳಿ ಮುಟ್ಟಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಅದರ ಹೆಣ್ಣು ಮರಿಗಳು ಹೊಸ ಧೂಳಿ ಹೊತ್ತು ಹೊರಗೆ ಹಾರುತ್ತವೆ. ತೋಟದಲ್ಲಿ ನೆರಳಿಗೆ ಅತ್ತಿ, ಬಸರಿ, ಗೋಣಿ ಬಿಟ್ಟ ಹಿರಿಯರಿಗೆ ಇಷ್ಟೆಲ್ಲ ಗೊತ್ತಿತ್ತೋ ಇಲ್ಲವೋ, ಮರವನ್ನಂತೂ ಉಳಿಸಿದರು.

ಮನುಷ್ಯರ ಕೈಯೇ ಜೇನಿನ ಕೆಲಸ ಮಾಡಬೇಕಾದರೆ ಏನಾಗುತ್ತದೆ ಅನ್ನುವುದನ್ನೂ ಕೊಡಗು ನೋಡಿದೆ. 2003ರ ಸುಮಾರಿಗೆ ವೆನಿಲ್ಲಾಕ್ಕೆ ಬೆಲೆ ಬಂದಾಗ ನಮ್ಮಲ್ಲಿ ಎಷ್ಟೋ ಜನ ಬಳ್ಳಿ ಹಾಕಿದ್ದರು, ನಾವೂ ಹಾಕಿದ್ದೆವು. ಹೂ ಒಂದೇ ದಿನ ಇರುವುದು. ಬೆಳಗ್ಗೆ ಆರಕ್ಕೆ ಎದ್ದು ಹಲ್ಲುಕಡ್ಡಿ ಹಿಡಿದು ಒಂದೊಂದೇ ಹೂವಿನೊಳಗಿನ ಪರದೆ ಎತ್ತಿ ಧೂಳಿ ಒತ್ತಬೇಕು, ತಪ್ಪಿದರೆ ಆ ಹೂ ಹೋಯಿತು. ವೆನಿಲ್ಲಾದ ತವರು ಮೆಕ್ಸಿಕೋ, ಅಲ್ಲಿನ ಜೇನು ಇಲ್ಲಿ ಇಲ್ಲವಲ್ಲ. ಕೈಯಲ್ಲಿ ಹೀಗೆ ಮಾಡಬಹುದು ಅಂತ ಜಗತ್ತಿಗೆ ತೋರಿಸಿಕೊಟ್ಟವನು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಅನ್ನುವ ಹುಡುಗ. ಗುಲಾಮನಾಗಿ ಹುಟ್ಟಿದವನು, ಆಗ ಅವನಿಗೆ ಹನ್ನೆರಡು ವರ್ಷ. ದೊಡ್ಡ ದೊಡ್ಡವರಿಗೆ ಹೊಳೆಯದ್ದು ಹೂವಿನ ಮುಂದೆ ಕೂತು ನೋಡಿದ ಹುಡುಗನಿಗೆ ಹೊಳೆಯಿತು. ಅವನ ಉಪಾಯದಿಂದ ಎಷ್ಟೋ ಜನ ಶ್ರೀಮಂತರಾದರು, ಅವನು ಬಡತನದಲ್ಲೇ 1880ರಲ್ಲಿ ತೀರಿಕೊಂಡ. ನನ್ನ ಮೊಮ್ಮಗಳಿಗೂ ಹನ್ನೆರಡು. ಈ ಕತೆ ಕೇಳಿದ ದಿನ ಅವಳು ರಾತ್ರಿ ಊಟಕ್ಕೆ ಕೂತಾಗಲೂ ಅವನ ಬಗ್ಗೆಯೇ ಕೇಳುತ್ತಿದ್ದಳು.

ಪ್ರಪಂಚದ 115 ಮುಖ್ಯ ಆಹಾರ ಬೆಳೆಗಳನ್ನು 2007ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದಾಗ, 87 ಬೆಳೆಗಳಿಗೆ ಹುಳ, ಹಕ್ಕಿ, ಬಾವಲಿ ಇಂಥ ಯಾವುದಾದರೂ ಜೀವಿಯ ಕೆಲಸ ಬೇಕು ಅಂತ ಕಂಡುಬಂತು. ಅಷ್ಟಕ್ಕೂ ಹಲ್ಲುಕಡ್ಡಿ ಹಿಡಿದು ಹೊರಡಲು ಆಗುತ್ತದಾ?

ಈಗ ಇನ್ನೊಂದು ಬದಿ. ಇದನ್ನು ನಾವು ಬೆಳೆಗಾರರೂ ಮರೆತಿದ್ದೇವೆ. ಕಾಫಿಗೆ ಜೇನು ಬೇಕಾಗಿರುವುದು ವರ್ಷಕ್ಕೆ ಮೂರು ದಿನ. ಜೇನಿಗೆ ಹೂ ಬೇಕಾಗಿರುವುದು ವರ್ಷವಿಡೀ. ಉಳಿದ ದಿನ ಅದು ಏನು ತಿನ್ನಬೇಕು? ಮಳೆಗಾಲದಲ್ಲಿ ನಾಚಿಕೆಮುಳ್ಳಿನ ಹೂವಿನಿಂದ ಧೂಳಿ ತರುತ್ತದೆ, ತೋಟದ ಬದುವಿನ ತುಂಬೆಗೆ ಹೋಗುತ್ತದೆ, ನೇರಳೆ, ಮತ್ತಿ, ಹೊನ್ನೆಯಂಥ ಕಾಡು ಮರಗಳಿಗೆ ಹೋಗುತ್ತದೆ. ನಾವು ಬದುವಿನ ಮೇಲೂ ಕಳೆನಾಶಕ ಹೊಡೆಯುತ್ತೇವೆ, ನೆರಳಿನ ಮರ ಒಂದೊಂದೇ ಇಳಿಸುತ್ತೇವೆ, ಆಮೇಲೆ ಮಾರ್ಚಿನಲ್ಲಿ ಜೇನು ಯಾಕೋ ಕಡಿಮೆ ಅನ್ನುತ್ತೇವೆ.

ಜೇನು ಇಲ್ಲದಾಗ ಹೇಗಿರುತ್ತದೆ ಅಂತ ನಾನು ಒಂದು ಸಲ ಕಂಡಿದ್ದೇನೆ. ನನ್ನ ತಂದೆ ಭಾಗಮಂಡಲದ ಕಡೆ ತುಡುವೆ ಪೆಟ್ಟಿಗೆ ಇಟ್ಟಿದ್ದರು, ಆಗ ಆ ಭಾಗದಲ್ಲಿ ಜೇನು ಸಾಕದ ಮನೆ ಕಡಿಮೆ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತಕ್ಕೆಲ್ಲ ಬಂತು. ಮರಿಹುಳಗಳು ಕೋಣೆಯೊಳಗೇ ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತಿದ್ದವು. ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಅಪ್ಪ ಬೆಳಗ್ಗೆ ಎದ್ದು ಒಂದೊಂದೇ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚುತ್ತಿದ್ದರು. ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಆಮೇಲೆ ಜೇನು ನಿಧಾನಕ್ಕೆ ಚೇತರಿಸಿಕೊಂಡಿತು, ಆದರೆ ಅಪ್ಪ ಮತ್ತೆ ಪೆಟ್ಟಿಗೆ ಇಡಲಿಲ್ಲ.

ಅದಕ್ಕೇ ಶಾಲೆಯಲ್ಲಿ ಮಕ್ಕಳಿಂದ ಒಂದು ಹೂವಿನ ಕ್ಯಾಲೆಂಡರ್ ಬರೆಸಿ ಅಂತ ಕೇಳಿಕೊಳ್ಳುತ್ತೇನೆ. ಗೋಡೆಗೆ ಹನ್ನೆರಡು ಹಾಳೆ, ತಿಂಗಳಿಗೆ ಒಂದು. ದಾರಿಯಲ್ಲಿ, ತೋಟದಲ್ಲಿ, ಬೇಲಿಯಲ್ಲಿ ಕಂಡ ಹೂ ಯಾವುದು, ಅದರ ಮೇಲೆ ಯಾರು ಕೂತಿದ್ದರು, ಅಷ್ಟು ಬರೆದರೆ ಸಾಕು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸಲಿ. ವರ್ಷದ ಕೊನೆಗೆ ಯಾವ ತಿಂಗಳ ಹಾಳೆ ಖಾಲಿ ಅಂತ ಮಕ್ಕಳೇ ನೋಡುತ್ತಾರೆ, ಆ ತಿಂಗಳು ಹೂ ಬಿಡುವ ಗಿಡವನ್ನು ಶಾಲೆಯ ಬೇಲಿಗೆ ನೆಡಬಹುದು. ಸೆಪ್ಟೆಂಬರಿನ ಹಾಳೆಯಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಸಿಕ್ಕಿಸುವ ತೋಕ್ ಪೂ (ಅಗ್ನಿಶಿಖೆ ಹೂ) ಬಂದೇ ಬರುತ್ತದೆ. ಅದರ ಎಸಳು ಮೇಲಕ್ಕೆ ಮಡಚಿ, ಗಂಡು ಭಾಗವಾದ ಕೇಸರಗಳು ಸುತ್ತ ಚಾಚಿ, ಹೆಣ್ಣು ಭಾಗವಾದ ಶಲಾಕೆ ಮಾತ್ರ ಪಕ್ಕಕ್ಕೆ ಬಾಗಿರುತ್ತದೆ. ಯಾಕೆ ಹೀಗಿದೆ ಅಂತ ಕೇಳಿ, ಉತ್ತರ ಹೇಳಿಕೊಡಬೇಡಿ. ಮುಟ್ಟಿದ ಮೇಲೆ ಕೈ ತೊಳೆಸಿ, ಆ ಗಿಡವೆಲ್ಲ ವಿಷ. ಊರಿನ ದೇವರಕಾಡಿಗೂ ಒಮ್ಮೆ ಹೋಗಿ ಬನ್ನಿ. ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ, ನಿಮ್ಮ ಊರಿಗೆ ದೂರ ಇರಲಾರದು. ಅಲ್ಲಿನ ಹಳೆಯ ಮರಗಳ ಪೊಟರೆ ಜೇನಿನ ಮನೆ.

ಭಯದ ಮಾತು ಬರುತ್ತದೆ, ಬರಬೇಕಾದ್ದೇ. ಹೆಜ್ಜೇನು ಕಚ್ಚಿ ಜನ ಸತ್ತದ್ದುಂಟು, ಅದನ್ನು ಹಗುರವಾಗಿ ನೋಡಬೇಡಿ ಅಂತಲೇ ನಾನೂ ಹೇಳುತ್ತೇನೆ. ಆದರೆ ಹೂವಿನ ಮೇಲೆ ಕೂತು ಕೆಲಸ ಮಾಡುವ ಜೇನು ತಾನಾಗಿ ಬಂದು ಕಚ್ಚುವುದು ಅಪರೂಪ, ಗೂಡಿನ ಹತ್ತಿರ ಹೋದರೆ, ಕಲ್ಲು ಹೊಡೆದರೆ ಬೇರೆ ಮಾತು. ಮಕ್ಕಳಿಗೆ ಈ ವ್ಯತ್ಯಾಸ ಕಲಿಸುವುದೂ ಪಾಠವೇ ಅಲ್ವಾ. ಶಾಲೆಯ ಸಜ್ಜೆಗೆ ಹೆಜ್ಜೇನು ಕಟ್ಟಿದರೆ ಆ ಬದಿಯ ಕೋಣೆ ಮುಚ್ಚಿ, ಹಗ್ಗ ಕಟ್ಟಿ, ಅರಣ್ಯ ಇಲಾಖೆಗೋ ಜೇನು ಗೊತ್ತಿರುವವರಿಗೋ ಹೇಳಿ, ಸುಡುವುದು ಬೇಡ. ಅದು ಸದಾ ಅಲ್ಲೇ ಇರುವುದಿಲ್ಲ, ಋತು ಮುಗಿದ ಮೇಲೆ ತಾನಾಗಿ ಎದ್ದು ಹೋಗುತ್ತದೆ. ಮಕ್ಕಳು ದಿನಾ ಹತ್ತಿರದಿಂದ ನೋಡಲು ಮಿಸ್ರಿ ಜೇನು ಇಡಿ. ಕೆಲವರು ಮುಜಂಟಿ ಅನ್ನುತ್ತಾರೆ. ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಬಿದಿರಿನ ಅಂಡೆಯಲ್ಲೋ ಸಣ್ಣ ಮರದ ಪೆಟ್ಟಿಗೆಯಲ್ಲೋ ಇದ್ದುಬಿಡುತ್ತದೆ, ಬಾಗಿಲಲ್ಲಿ ಮೇಣದ ಪುಟ್ಟ ಕೊಳವೆ ಕಟ್ಟುತ್ತದೆ, ಕಾವಲು ಕೂರುತ್ತದೆ. ಒಂದನೇ ಕ್ಲಾಸಿನ ಮಗುವೂ ಮೂಗು ತಾಗಿಸಿ ನೋಡಬಹುದು.

ತೋಟಕ್ಕೆ ಹೋಗುವ ದಿನ ಆನೆಯ ವಿಚಾರ ಮೊದಲು ಕೇಳಿಕೊಳ್ಳಿ. ಶಾಲೆಗೆ ಹತ್ತಿರದ ತೋಟ ಆಗಲಿ, ಬೆಳಗ್ಗೆ ಒಂಬತ್ತರ ಮೇಲೆ ಆಗಲಿ, ತೋಟದವರು ಹಿಂದಿನ ರಾತ್ರಿ ಆನೆ ಬಂದಿಲ್ಲ ಅಂದರೆ ಮಾತ್ರ ಹೊರಡಿ. ಔಷಧಿ ಹೊಡೆದ ತೋಟ ಬೇಡ. ಜೇನು ಕಚ್ಚಿದರೆ ಮೈ ಊದಿಕೊಳ್ಳುವ ಮಕ್ಕಳು ಇದ್ದಾರಾ ಅಂತ ಮನೆಯವರನ್ನು ಕೇಳಿ ತಿಳಿದುಕೊಳ್ಳಿ.

ಪಾಠ ಮಾಡುವವರು ಯಾರು ಅಂತ ಕೇಳುತ್ತೀರಿ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ ನಡೆಯುತ್ತದೆ. ಕೇಳಿದರೆ ಬರುವವರು ಇದ್ದಾರೆ. ಆದರೆ ನನ್ನ ಮನಸ್ಸಿನಲ್ಲಿ ಮೊದಲು ಇರುವುದು ತಿತಿಮತಿ, ನಾಗರಹೊಳೆ ಕಡೆಯ ಹಾಡಿಗಳ, ಅಂದರೆ ಬುಡಕಟ್ಟು ಜನರ ಸಣ್ಣ ಊರುಗಳ, ಜೇನುಕುರುಬ ಹಿರಿಯರು. ಯಾವ ಮರಕ್ಕೆ ಯಾವ ತಿಂಗಳು ಹೂ, ಜೇನು ಯಾವ ದಿಕ್ಕಿನಿಂದ ಬರುತ್ತದೆ, ಯಾವಾಗ ಎದ್ದು ಹೋಗುತ್ತದೆ, ಇದು ಅವರಿಗೆ ಗೊತ್ತಿರುವಷ್ಟು ನನಗಂತೂ ಗೊತ್ತಿಲ್ಲ. ನಾನು ಪಾಠ ಮಾಡುತ್ತಿದ್ದಾಗ ಹಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗ ಇದ್ದ, ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ, ಓದು ಹತ್ತುವುದಿಲ್ಲ ಅಂತ ನಾವೆಲ್ಲ ತೀರ್ಮಾನ ಮಾಡಿದ್ದೆವು. ಒಂದು ದಿನ ಆಟದ ಹೊತ್ತಿನಲ್ಲಿ ಅವನು ಶಾಲೆಯ ಹಿಂದಿನ ಗೋಡೆಯ ಸಂದಿ ತೋರಿಸಿ "ಟೀಚರ್, ಇದರಲ್ಲಿ ಮಿಸ್ರಿ ಉಂಟು" ಅಂದ. ಆರು ವರ್ಷದಿಂದ ನಾನು ಅದೇ ಗೋಡೆಯ ಪಕ್ಕ ಓಡಾಡಿದ್ದೆ. ಆವತ್ತು ಅರ್ಧ ಗಂಟೆ ಅವನೇ ಎಲ್ಲರಿಗೂ ಹೇಳಿದ, ಎಲ್ಲರೂ ಕೇಳಿದರು. ಹಾಡಿಯ ಹಿರಿಯರನ್ನು ಶಾಲೆಗೆ ಅತಿಥಿ ಉಪನ್ಯಾಸಕರ ಹಾಗೆಯೇ ಕರೆಯಬೇಕು, ಕುರ್ಚಿ ಹಾಕಿ ಕೂರಿಸಬೇಕು, ಬಂದು ಹೋಗುವ ಖರ್ಚು, ಒಂದು ದಿನದ ಸಂಭಾವನೆ ಕೊಡಬೇಕು. ಹಾಡಿಯ ಮಕ್ಕಳು, ತೋಟದ ಕೂಲಿಗಾರರ ಲೈನ್ ಮನೆಗಳ ಮಕ್ಕಳು ಆ ದಿನ ಮುಂದಿನ ಸಾಲಿನಲ್ಲಿ ಇರುತ್ತಾರೆ, ಅದೂ ನನಗೆ ಮುಖ್ಯ.

ಶಿಕ್ಷಣ ಇಲಾಖೆಯವರಲ್ಲಿ ವಿನಂತಿ: ದೊಡ್ಡ ಯೋಜನೆ ಏನೂ ಬೇಡ. ನಮ್ಮ ಜಿಲ್ಲೆಯ ಮಟ್ಟಿಗೆ ಈ ಪಾಠದ ಅರ್ಧ ದಿನವನ್ನು ಹೂ ಅರಳುವ ದಿನಕ್ಕೆ ಇಟ್ಟುಕೊಳ್ಳಲು ಶಾಲೆಗಳಿಗೆ ಒಪ್ಪಿಗೆ ಕೊಡಿ. ತಾರೀಕು ಮೊದಲೇ ಹಾಕಲು ಆಗುವುದಿಲ್ಲ, ಮಳೆ ಬರಬೇಕು, ಆ ಸ್ವಾತಂತ್ರ್ಯ ಮುಖ್ಯ ಶಿಕ್ಷಕರಿಗೆ ಇರಲಿ. ಮನೆಯವರಿಗೆ ಒಂದು ಮಾತು: ಪರೀಕ್ಷೆ ಹತ್ತಿರ ಇದೆ, ತೋಟಕ್ಕೆ ಯಾಕೆ ಅಂತ ದಯವಿಟ್ಟು ಶಾಲೆಗೆ ಫೋನ್ ಮಾಡಬೇಡಿ.

ನಮ್ಮ ಕೆಳಗಿನ ತುಂಡಿಗೆ ಮುಂದಿನ ವರ್ಷವೂ ಫೆಬ್ರವರಿ ಕೊನೆಗೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಸುತ್ತಮುತ್ತಲಿನ ಯಾವ ಶಾಲೆಯವರಾದರೂ ಬರಬಹುದು, ಗೇಟು ತೆಗೆದಿರುತ್ತದೆ, ನಾಯಿ ಕಟ್ಟಿರುತ್ತೇನೆ, ಮಕ್ಕಳಿಗೆಲ್ಲ ಬೆಲ್ಲದ ಕಾಫಿ ಕೊಡುತ್ತೇನೆ. ಸೊಳ್ಳೆಪರದೆಯ ಚೀಲಗಳನ್ನು ಮೊಮ್ಮಗಳು ಈಗಲೇ ಹೊಲಿದು ಇಡುತ್ತಿದ್ದಾಳೆ. ಚೀಲ ಕಟ್ಟಬೇಕು ಅನ್ನುವವರು ಮಾತ್ರ ನೀರು ಹಾಯಿಸಿದ ಐದನೇ ದಿನದ ಒಳಗೇ ಒಮ್ಮೆ ಬಂದು ಹೋಗಬೇಕು, ಮೊಗ್ಗು ಬಿರಿದ ಮೇಲೆ ಕಟ್ಟಿದರೆ ಆಗುವುದಿಲ್ಲ.

— ಒಬ್ಬ ನಿವೃತ್ತ ಶಿಕ್ಷಕಿ, ನಾಪೋಕ್ಲು, ಕೊಡಗು